ನಿಮಿಷಕ್ಕೆ ಮೂರು ಸಿಂಟೆಕ್ಸ್ ಗಾಳಿ

2022ರ ಆಷಾಢದಲ್ಲಿ ಅಪ್ಪನ ಗಾಡಿಯ ಎಂಜಿನ್ನನ್ನು ನಮ್ಮ ಮನೆಯ ಅಂಗಳದಲ್ಲೇ ಇಳಿಸಿ, ಬೇರೆ ಎಂಜಿನ್ ಕೂರಿಸಿದೆವು. ಕೆಲಸ ಮಾಡಿದವರು ಅಪ್ಪ ಮತ್ತು ನನ್ನ ಸೋದರಮಾವ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಶಾಲೆ ಮುಗಿಸಿ ಬಂದ ಮೇಲೆ, ಮತ್ತೆ ಭಾನುವಾರ ಇಡೀ ದಿನ, ನಾನೂ ಅವರ ಜೊತೆ ಕೂರುತ್ತಿದ್ದೆ. ಸ್ಪ್ಯಾನರ್ ಎತ್ತಿ ಕೊಡೋದು, ಲೈಟ್ ಹಿಡಿಯೋದು, ನಟ್ಟು ಬೋಲ್ಟು ಡೀಸೆಲ್‌ನಲ್ಲಿ ತೊಳೆಯೋದು ನನ್ನ ಪಾಲಿನ ಕೆಲಸ. ಆ ಹನ್ನೆರಡು ದಿನದಲ್ಲಿ ನೋಡಿದ್ದನ್ನು ಬರೆದಿಡಬೇಕು ಅಂತ ತುಂಬಾ ಸಲ ಅನಿಸಿತ್ತು. ಈಗ ಕೂತು ಬರೆಯುತ್ತಿದ್ದೇನೆ.

ಗಾಡಿ ಟಾಟಾ 407. 2003ರ ಮಾಡೆಲ್, ಕೆಎ-16. ನಮ್ಮೂರು ಚಳ್ಳಕೆರೆ ತಾಲ್ಲೂಕಿನಲ್ಲಿದೆ. ಈ ಕಡೆ ಬಾಡಿಗೆ ಅಂದರೆ ಶೇಂಗಾ, ಇಲ್ಲ ಈರುಳ್ಳಿ. ಅಪ್ಪ ಮೊದಲು ದೊಡ್ಡ ಲಾರಿಗಳಲ್ಲಿ ಕ್ಲೀನರ್ ಆಗಿದ್ದರು, ಆಮೇಲೆ ಡ್ರೈವರ್ ಆದರು. ಸ್ವಂತದ್ದು ಅಂತ ಆಗಿದ್ದು ಇದೊಂದೇ ಗಾಡಿ. ಇದರ ದುಡಿಮೆಯಲ್ಲೇ ನಾನು ದಾವಣಗೆರೆಯಲ್ಲಿ ಬಿ.ಎಸ್‌ಸಿ., ಬಿ.ಎಡ್. ಓದಿದ್ದು. ಮುಂದಿನ ಗಾಜಿನ ಮೇಲೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಹೆಸರಿದೆ. ಆ ಅಕ್ಷರಗಳ ಬಣ್ಣ ಹೋದಾಗಲೆಲ್ಲ ಅಪ್ಪ ತಪ್ಪದೆ ಹೊಸದಾಗಿ ಬರೆಸುತ್ತಾರೆ.

ಇದರ ಎಂಜಿನ್ನಿಗೆ 497 ಅಂತ ಹೆಸರು. ಆ ಸಂಖ್ಯೆಯಲ್ಲೇ ಅದರ ಅಳತೆ ಇದೆ. ನಾಲ್ಕು ಸಿಲಿಂಡರ್, ಒಂದೊಂದರ ಅಗಲ 97 ಮಿಲಿಮೀಟರ್. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ 100 ಮಿಲಿಮೀಟರ್. ಸಿಲಿಂಡರಿನ ಘನಫಲದ ಸೂತ್ರ ಹಾಕಿ ಲೆಕ್ಕ ಮಾಡಿದರೆ ಸರಿಯಾಗಿ 2956 ಸಿಸಿ ಬರುತ್ತದೆ. ನಾನು ಈ ಲೆಕ್ಕವನ್ನು ಒಮ್ಮೆ ತರಗತಿಯಲ್ಲಿ ಮಾಡಿಸಿದ್ದೆ. 407 ಅಂದ ಕೂಡಲೇ ಹುಡುಗರ ಕಣ್ಣು ಅರಳಿತು. ಅರ್ಧ ಹುಡುಗರ ಮನೆಯಲ್ಲಿ ಯಾರಾದರೂ ಒಬ್ಬರು ಗಾಡಿ ಓಡಿಸುವವರೇ.

ಆದರೆ ಅಪ್ಪನ ಎಂಜಿನ್ ಆಗ 97 ಆಗಿ ಉಳಿದಿರಲಿಲ್ಲ. ಅದನ್ನು ಎರಡು ಸಲ ಬೋರ್ ಮಾಡಿಸಿ ಆಗಿತ್ತು. ಸಿಲಿಂಡರಿನ ಒಳಗೋಡೆ ಸವೆದಾಗ ಅದನ್ನು ಮತ್ತೆ ದುಂಡಗೆ, ನುಣ್ಣಗೆ ಕೊರೆದು, ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ ಹಾಕುವುದಕ್ಕೆ ಬೋರ್ ಮಾಡೋದು ಅನ್ನುತ್ತಾರೆ. ಪ್ರತಿ ಸಲ ಅರ್ಧ ಮಿಲಿಮೀಟರ್ ಆಸುಪಾಸು ಕಬ್ಬಿಣ ಹೋಗುತ್ತದೆ. 2019ರಲ್ಲಿ ಎರಡನೇ ಸಲ ಮಾಡಿಸಿದಾಗ ದಾವಣಗೆರೆಯ ಬೋರಿಂಗ್ ಮೇಸ್ತ್ರಿ ಹೇಳಿ ಕಳಿಸಿದ್ದರು: "ಇದೇ ಕೊನೇದು. ಇನ್ನೊಂದ್ಸಲ ಕೊರೆಯೋಕೆ ಇದರ ಮೈಯಲ್ಲಿ ಜಾಗ ಇಲ್ಲ."

ಒಂದು ಬೋರ್ ಸರಿಯಾಗಿ ಆದರೆ ಲಕ್ಷಗಟ್ಟಲೆ ಕಿಲೋಮೀಟರ್ ಬರಬೇಕು. ನಮ್ಮದು ಮೂರನೇ ವರ್ಷಕ್ಕೇ ಕೈಕೊಟ್ಟಿತು. ಅದರಲ್ಲೂ ನಡುವೆ ಲಾಕ್‌ಡೌನ್ ಅಂತ ತಿಂಗಳುಗಟ್ಟಲೆ ಗಾಡಿ ನಿಂತೇ ಇತ್ತು.

ಮೊದಲು ಬೆಳಿಗ್ಗೆ ಸ್ಟಾರ್ಟ್ ಆಗೋದು ಕಷ್ಟವಾಯಿತು. ಡೀಸೆಲ್ ಎಂಜಿನ್ನಿಗೆ ಬೆಂಕಿ ಹಚ್ಚಲು ಕಿಡಿ ಇಲ್ಲ. ಒಳಗೆ ಎಳೆದುಕೊಂಡ ಗಾಳಿಯನ್ನು ಹದಿನೇಳು ಹದಿನೆಂಟರಲ್ಲಿ ಒಂದು ಪಾಲಿಗೆ ಅಮುಕುತ್ತದೆ. ಅಷ್ಟು ಅಮುಕಿದ ಗಾಳಿ 500 ಡಿಗ್ರಿ ದಾಟಿ ಕಾಯುತ್ತದೆ. ಆ ಕಾವಿಗೆ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಸುತ್ತ ಇರುವ ರಿಂಗ್ ಸವೆದು ಗಾಳಿ ಪಕ್ಕದಿಂದ ಸೋರಿದರೆ ಕಾವು ಸಾಲದು. ಅದಕ್ಕೇ ಚಳಿಯಲ್ಲಿ ಹಟ ಮಾಡುತ್ತದೆ. ಆಮೇಲೆ ನೀಲಿ ಹೊಗೆ ಶುರುವಾಯಿತು, ಅಂದರೆ ಆಯಿಲ್ ಸುಡುತ್ತಿದೆ. ಬೆಂಗಳೂರಿಗೆ ಹೋಗಿ ಬಂದರೆ ಒಂದು ಲೀಟರ್ ಆಯಿಲ್ ಹಾಕಬೇಕಿತ್ತು. ಓಡುತ್ತಿರುವ ಎಂಜಿನ್ನಿನ ಆಯಿಲ್ ಮುಚ್ಚಳ ತೆಗೆದರೆ ಬುಸುಬುಸು ಅಂತ ಹೊಗೆ ನುಗ್ಗುತ್ತಿತ್ತು. ಅಮುಕಿದ ಗಾಳಿ ಹೀಗೆ ಕೆಳಕ್ಕೆ ಸೋರೋದಕ್ಕೆ ಬ್ಯಾಕ್ ಕಂಪ್ರೆಷನ್ ಅನ್ನುತ್ತಾರೆ. ಮಾವ ಅದರ ಮೇಲೆ ಅಂಗೈ ಹಿಡಿದು ನೋಡಿ ಅಂದರು: "ಬ್ಯಾಕ್ ಕಂಪ್ರೆಷನ್ ಹೊಡೀತೈತೆ ಭಾವ. ಮುಗೀತು ಇದು."

ಅಪ್ಪ ಬೋರಿಂಗ್ ಮೇಸ್ತ್ರಿಯನ್ನೇ ಬೈದರು. ಬೋರ್ ಸರಿಯಾಗಿ ಮಾಡಿಲ್ಲ, ಅಳತೆ ತಪ್ಪಿದ್ದಾರೆ, ಅಗ್ಗದ ರಿಂಗ್ ಹಾಕಿದ್ದಾರೆ ಅಂತ. ಒಂದು ವರ್ಷ ಪೂರ್ತಿ, ಯಾರು ಕೇಳಿದರೂ ಇದೇ ಮಾತು. ಸ್ಟ್ಯಾಂಡಿನಲ್ಲಿ ಬೇರೆ ಡ್ರೈವರ್‌ಗಳಿಗೂ ಅಲ್ಲಿಗೆ ಹೋಗಬೇಡಿ ಅಂತ ಹೇಳಿದ್ದರು. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಬೇರೆ ಎಂಜಿನ್ ಸಿಕ್ಕಿದ್ದು ದಾವಣಗೆರೆಯಲ್ಲಿ, ಪಿ.ಬಿ. ರಸ್ತೆಯ ಒಬ್ಬ ವ್ಯಾಪಾರಿಯ ಹತ್ತಿರ. ಆಕ್ಸಿಡೆಂಟ್ ಆಗಿ ಚಾಸಿ ಬಾಗಿದ ಗಾಡಿಯದ್ದು. ಎಂಜಿನ್ ಮಾತ್ರ ಗಟ್ಟಿ ಇತ್ತು. ಇಂಥದ್ದು ಕೊಳ್ಳುವಾಗ ಬೆಲೆಗಿಂತ ಮೊದಲು ಕಾಗದ ಕೇಳಬೇಕು. ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರುತ್ತದೆ. ಬದಲಾಯಿಸಿದರೆ ಆರ್‌ಟಿಒಗೆ ತಿಳಿಸಿ, ಹೊಸ ನಂಬರ್ ಬರೆಸಬೇಕು. ಆ ಎಂಜಿನ್ ಯಾವ ಗಾಡಿಯದ್ದು, ಯಾರು ಮಾರಿದರು ಅಂತ ಬಿಲ್ ಇಲ್ಲದಿದ್ದರೆ ಕದ್ದ ಮಾಲು ತಂದ ಹಾಗೇ ಆಗುತ್ತದೆ. ಅಪ್ಪ ಬಿಲ್ಲು, ಹಳೆಯ ಗಾಡಿಯ ಕಾಗದದ ಜೆರಾಕ್ಸ್ ಎಲ್ಲ ಕೈಗೆ ಬಂದ ಮೇಲೇ ದುಡ್ಡು ಎಣಿಸಿದ್ದು.

ಗ್ಯಾರೇಜಿನಲ್ಲಿ ಯಾಕೆ ಮಾಡಿಸಲಿಲ್ಲ ಅಂತ ಕೇಳಿದವರು ಬಹಳ ಜನ. ದುಡ್ಡು ಒಂದು ಕಾರಣ. ಇನ್ನೊಂದು, ಮಾವ ದಾವಣಗೆರೆಯ ಗ್ಯಾರೇಜುಗಳಲ್ಲಿ ಇಪ್ಪತ್ತು ವರ್ಷ ಕೈ ಪಳಗಿಸಿದವರು. ಆಷಾಢದಲ್ಲಿ ಬಾಡಿಗೆಯೂ ಕಮ್ಮಿ. ಅಮ್ಮನಿಗೆ ಮಾತ್ರ ಇಷ್ಟ ಇರಲಿಲ್ಲ. ಆಷಾಢದಲ್ಲಿ ಹೊಸ ಕೆಲಸ ಹಿಡಿಯಬಾರದು ಅಂದಳು. "ಹೊಸದೇನಲ್ಲ ಅಕ್ಕ, ಹಳೇ ಗಾಡಿ ರಿಪೇರಿ" ಅಂತ ಮಾವ ಸಮಾಧಾನ ಹೇಳಿದರು.

ನಿಜವಾದ ತೊಂದರೆ ಆಷಾಢದ ಗಾಳಿ. ಚಿತ್ರದುರ್ಗ ಜಿಲ್ಲೆಯ ಗಾಳಿ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಆ ತಿಂಗಳಲ್ಲಿ ಅನ್ನದ ತಟ್ಟೆಗೂ ಮಣ್ಣು ಬೀಳುತ್ತದೆ. ಎಂಜಿನ್ ಬಿಚ್ಚಿಟ್ಟರೆ ಗತಿ ಏನು? ಬೇವಿನ ಮರದಿಂದ ಗೋಡೆಯವರೆಗೆ ತಾಡಪಾಲು ಕಟ್ಟಿದೆವು. ಅಮ್ಮ ಬೇಡ ಅಂದವಳೇ ಬೆಳಿಗ್ಗೆ ಎದ್ದು ಇಡೀ ಅಂಗಳಕ್ಕೆ ನೀರು ಹೊಡೆದು ಸಗಣಿ ಸಾರಿಸಿದಳು. ಒಂದೆರಡು ದಿನ ಅಲ್ಲ, ಹನ್ನೆರಡು ದಿನವೂ ಸಾರಿಸಿದಳು. ಅಷ್ಟು ಚೊಕ್ಕಟವಾದ ನೆಲ ಯಾವ ಗ್ಯಾರೇಜಿನಲ್ಲಿ ಸಿಗುತ್ತದೆ ಹೇಳಿ.

ಮೊದಲು ಬ್ಯಾಟರಿ ತಂತಿ ಕಳಚಿದೆವು. ಆಯಿಲ್, ನೀರು ಇಳಿಸಿದೆವು. ಬಿಚ್ಚುವ ಮೊದಲು ಪ್ರತಿ ವೈರ್, ಪ್ರತಿ ಪೈಪಿನ ಫೋಟೋ ಮೊಬೈಲಿನಲ್ಲಿ ತೆಗೆದೆ. ಬಣ್ಣಬಣ್ಣದ ಹೊಲಿಗೆ ದಾರ ತಂದು ಒಂದೊಂದಕ್ಕೂ ಬೇರೆ ಬಣ್ಣದ ಗುರುತು ಕಟ್ಟಿದೆ. ಮೊಸರಿನ ಡಬ್ಬಗಳಲ್ಲಿ ಬೋಲ್ಟು ಹಾಕಿ, ಎಲ್ಲಿಯದು ಅಂತ ಚೀಟಿ ಅಂಟಿಸಿದೆ. ಸೈಲೆನ್ಸರ್ ಪೈಪಿನ ಬೋಲ್ಟುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಮಾವ ಅವಕ್ಕೆ ಡೀಸೆಲ್ ಹಾಕಿ ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಕಾಯಿಸಿ, ತಟ್ಟಿ, ಮುಂದಕ್ಕೆ ಸ್ವಲ್ಪ ಹಿಂದಕ್ಕೆ ಸ್ವಲ್ಪ ತಿರುಗಿಸಿ ಬಿಡಿಸಿದರು. ಜೋರು ಮಾಡಿದ್ದರೆ ಒಂದೂ ಉಳಿಯುತ್ತಿರಲಿಲ್ಲ.

ಎಂಜಿನ್ ಎತ್ತೋಕೆ ಕ್ರೇನ್ ಬೇಕಲ್ವಾ? ನಮ್ಮ ಕಡೆ ಅದಕ್ಕೆ ದಾರಿ ಇದೆ. ಕೊಳವೆಬಾವಿ ಇಲ್ಲದ ಹೊಲ ಇಲ್ಲಿ ಕಮ್ಮಿ. ಹಾಗಾಗಿ ಮೋಟರ್ ಎತ್ತುವವರು ಊರೂರಿಗೂ ಇದ್ದಾರೆ. ಅವರ ಹತ್ತಿರ ಮೂರು ಕಬ್ಬಿಣದ ಪೈಪಿನ ಮುಕ್ಕಾಲಿ ಇರುತ್ತದೆ, ಚೈನ್ ಪುಲ್ಲಿ ಇರುತ್ತದೆ. ಒಂದು ದಿನದ ಮಟ್ಟಿಗೆ ಅದನ್ನೇ ತಂದೆವು. ಗ್ರಿಲ್, ರೇಡಿಯೇಟರ್ ಎಲ್ಲ ತೆಗೆದು ಮುಂಭಾಗ ಬಯಲು ಮಾಡಿಕೊಂಡೆವು. ಗೇರ್‌ಬಾಕ್ಸ್ ಕೆಳಗೆ ಜಾಕ್, ಅದರ ಮೇಲೆ ಮರದ ತುಂಡು. ಎಂಜಿನ್ನನ್ನು ಚಾಸಿಗೆ ಹಿಡಿದಿದ್ದ ಫೌಂಡೇಷನ್ ಬೋಲ್ಟ್ ಬಿಚ್ಚಿದರು. ಎರಡು ಕ್ವಿಂಟಲ್ ಮೀರಿದ ಕಬ್ಬಿಣ ಸರಪಳಿಯಲ್ಲಿ ತೂಗುತ್ತಾ ಮುಂದಕ್ಕೆ ಬಂತು. ಅಪ್ಪ ಒಂದು ಕೈ ಅದರ ಮೇಲೆ ಇಟ್ಟುಕೊಂಡೇ ನಡೆದರು, ಎತ್ತನ್ನು ಕೊಟ್ಟಿಗೆಯಿಂದ ಹೊರಗೆ ಕರೆದು ತರುವ ಹಾಗೆ.

ಸಂಜೆಗೆ ಹಳೆಯ ಎಂಜಿನ್ ನೆಲದ ಮೇಲೆ, ತಂದ ಎಂಜಿನ್ ಪಕ್ಕದಲ್ಲಿ. ಮಾವ ಅವತ್ತೇ ಕೂರಿಸಿಬಿಡೋಣ ಅಂದರು.

"ಮುಕ್ಕಾಲಿ ನಾಳೆ ವಾಪಸ್ ಕೊಡಬೇಕು ಭಾವ. ಎತ್ತಿ ಇಟ್ಟುಬಿಡಾನ."

"ಮೊದ್ಲು ಹಳೇದು ಬಿಚ್ಚಾನ."

"ಗುಜರಿಗೆ ಹೋಗೋದನ್ನ ಬಿಚ್ಚಿ ಏನ್ ಮಾಡ್ತೀರಿ?"

"ಮೂರು ವರ್ಷಕ್ಕೆ ಯಾಕೆ ಹೋತು ಅಂತ ಗೊತ್ತಾಗಬೇಕು ನನಗೆ. ಗೊತ್ತಾಗದೆ ಇನ್ನೊಂದು ಕೂರಿಸಲ್ಲ."

ಅಪ್ಪನ ಮನಸ್ಸಿನಲ್ಲಿ ಆಗಲೂ ಬೋರಿಂಗ್ ಮೇಸ್ತ್ರಿಯ ತಪ್ಪು ಹಿಡಿಯುವ ಆಸೆಯೇ ಇತ್ತು. ಆದರೆ ಕೇಳಿದ ಪ್ರಶ್ನೆ ಮಾತ್ರ ಸರಿಯಾಗಿತ್ತು. ಮುಕ್ಕಾಲಿ ಮರುದಿನ ವಾಪಸ್ ಹೋಯಿತು. ಒಂದು ವಾರ ಬಿಟ್ಟು ಮತ್ತೆ ಬಾಡಿಗೆ ಕೊಟ್ಟು ತಂದೆವು.

ಸಿಲಿಂಡರುಗಳ ಮೇಲಿನ ಮುಚ್ಚಳ, ಅಂದರೆ ಹೆಡ್, ಬಿಚ್ಚಿದಾಗ ನಾನೂ ಬಗ್ಗಿ ನೋಡಿದೆ. ಹೊಸದಾಗಿ ಬೋರ್ ಮಾಡಿದ ಗೋಡೆಯ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳಿರುತ್ತವೆ. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲೇ. ಇಲ್ಲಿ ಒಂದೂ ಇರಲಿಲ್ಲ. ನಾಲ್ಕೂ ಸಿಲಿಂಡರ್ ಕನ್ನಡಿ ಥರ ಹೊಳೆಯುತ್ತಿದ್ದವು. ಮೇಲಿನ ಅಂಚಿನಲ್ಲಿ, ರಿಂಗ್ ಮುಟ್ಟದ ಜಾಗದಲ್ಲಿ, ಉಗುರಿಗೆ ಸಿಗುವಷ್ಟು ದಪ್ಪ ಮೆಟ್ಟಿಲು ನಿಂತಿತ್ತು. ಅಳತೆ ತಪ್ಪಿದ್ದರೆ ಒಂದೋ ಎರಡೋ ಕೆಡಬೇಕಿತ್ತು ಅಂದರು ಮಾವ. ನಾಲ್ಕೂ ಒಂದೇ ಥರ ಸವೆದಿವೆ ಅಂದರೆ ನಾಲ್ಕಕ್ಕೂ ಒಂದೇ ದಾರಿಯಲ್ಲಿ ಏನೋ ಬಂದಿದೆ.

ಒಂದು ಹಳೆಯ ಬಿಳಿ ಬನಿಯನ್ ಹರಿದು, ಗಾಳಿ ಒಳಗೆ ಹೋಗುವ ಮ್ಯಾನಿಫೋಲ್ಡಿನ ಒಳಗೆ ಒರೆಸಿದರು. ಬಟ್ಟೆ ಕೆಂಪಗಾಯಿತು. ನುಣ್ಣನೆಯ ಕೆಮ್ಮಣ್ಣು, ಆಯಿಲ್ ಜೊತೆ ಕಲೆತು ಕುಂಕುಮ ಕಲಸಿದ ಹಾಗೆ ಆಗಿತ್ತು. ಏರ್ ಫಿಲ್ಟರ್ ದಾಟಿದ ಮೇಲೆ ಒಂದು ಚಿಟಿಕೆ ಧೂಳೂ ಇರಕೂಡದು. ಫಿಲ್ಟರ್ ತೆಗೆದು ಬೆಳಕಿಗೆ ಹಿಡಿದೆವು. ಕಾಗದ ಎಲ್ಲೂ ಹರಿದಿರಲಿಲ್ಲ. ಉಳಿದದ್ದು ಫಿಲ್ಟರ್‌ನಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಪೈಪ್ ಒಂದೇ.

ಅದರ ನಡುವೆ ಕಪ್ಪು ಸೈಕಲ್ ಟ್ಯೂಬ್ ಸುತ್ತಿ, ತಂತಿ ಬಿಗಿದಿತ್ತು. ಮೇಲಿನಿಂದ ನೋಡಿದರೆ ಭದ್ರವಾಗಿಯೇ ಇತ್ತು. ಮಾವ ತಿರುಗಿಸಿದರು. ಕೆಳಗಡೆ ಟ್ಯೂಬ್ ಒಣಗಿ, ಸೆಟೆದು, ಬಾಯಿ ಬಿಟ್ಟಿತ್ತು. ಒಳಗಿನ ಪೈಪ್ ಬೆರಳುದ್ದ ಸೀಳಿತ್ತು.

"ಯಾವನು ಸುತ್ತಿದ್ದು ಇದನ್ನ?" ಅಂದರು ಮಾವ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನೇ" ಅಂದರು.

2019ರ ಕೊನೆ. ಈರುಳ್ಳಿ ಕಿಲೋಗೆ ನೂರು ರೂಪಾಯಿ ದಾಟಿದ ವರ್ಷ ಅದು. ಹೊಲದಲ್ಲಿ ಮಾಲು ಇದ್ದವರೆಲ್ಲ ಇವತ್ತೇ ಯಶವಂತಪುರಕ್ಕೆ ಮುಟ್ಟಿಸಿ ಅಂತ ದುಂಬಾಲು ಬಿದ್ದಿದ್ದರು. ಶಿರಾ ಹತ್ತಿರ ರಾತ್ರಿ ಈ ಪೈಪ್ ಸೀಳಿ ಸಿಳ್ಳೆ ಹೊಡೆಯತೊಡಗಿತು. ಅಂಗಡಿಗಳೆಲ್ಲ ಮುಚ್ಚಿದ್ದವು. ಗಾಡಿಯಲ್ಲಿದ್ದ ಟ್ಯೂಬಿನ ತುಂಡು ಸುತ್ತಿ, ತಂತಿ ಕಟ್ಟಿ, ಬೆಳಗಿನ ಹರಾಜಿಗೆ ಮಾಲು ಮುಟ್ಟಿಸಿದರು. ರೈತನಿಗೆ ಒಳ್ಳೆ ರೇಟ್ ಸಿಕ್ಕಿತು. ಮರುದಿನ ಮತ್ತೆ ಲೋಡು, ಅದರ ಮರುದಿನ ಮತ್ತೆ. ಹೊಸ ಪೈಪ್ ಹಾಕಬೇಕು ಅನ್ನೋದು ಹಿಂದೆ ಬಿತ್ತು. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಗಾಡಿ ಬಿಸಿಲಲ್ಲಿ ನಿಂತಿತು. ಟ್ಯೂಬ್ ಅಲ್ಲೇ ಒಣಗಿ ಬಿರಿದಿರಬೇಕು.

ಅವತ್ತು ರಾತ್ರಿ ನಾನು ಒಂದು ಲೆಕ್ಕ ಹಾಕಿದೆ. 2956 ಸಿಸಿ ಅಂದರೆ ಮೂರು ಲೀಟರ್ ಹತ್ತಿರ. ಎಂಜಿನ್ ಎರಡು ಸುತ್ತು ತಿರುಗಿದರೆ ಅಷ್ಟು ಗಾಳಿ ಒಳಗೆ ಹೋಗುತ್ತದೆ. ನಿಮಿಷಕ್ಕೆ 2000 ಸುತ್ತು ಅಂದುಕೊಂಡರೆ ಸಾವಿರ ಸಲ. ಹೆಚ್ಚು ಕಮ್ಮಿ ಮೂರು ಸಾವಿರ ಲೀಟರ್, ಅಂದರೆ ಮನೆಯ ಮೇಲಿಡುವ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕ್ ಮೂರು, ಒಂದೇ ನಿಮಿಷದಲ್ಲಿ. ಐದು ಗಂಟೆಯ ದಾರಿಗೆ ಒಂಬತ್ತು ಲಕ್ಷ ಲೀಟರ್ ಆಸುಪಾಸು. ಅಷ್ಟು ಗಾಳಿಯಲ್ಲಿ ಒಂದು ಪಾಲು ಮಾತ್ರ ಆ ಸೀಳಿನಿಂದ ಹೋದರೂ ಸಾಕು. ನಮ್ಮ ಮಣ್ಣಿನಲ್ಲಿ ಬೆಣಚುಕಲ್ಲಿನ ಪುಡಿ ಇದೆ. ಬೆಣಚು ಕಬ್ಬಿಣಕ್ಕಿಂತ ಗಟ್ಟಿ. ಅದು ಆಯಿಲ್ ಜೊತೆ ಸೇರಿದರೆ ಸಾಣೆ ಹಿಡಿಯುವ ಪುಡಿಯಂತೆ ಕೆಲಸ ಮಾಡುತ್ತದೆ. ಪಿಸ್ಟನ್ ಒಂದೊಂದು ಸಲ ಮೇಲೆ ಕೆಳಗೆ ಹೋದಾಗಲೂ ಗೋಡೆಯನ್ನು ಒಂದಿಷ್ಟು ಉಜ್ಜಿದೆ. ಬೇರಿಂಗ್‌ಗಳಲ್ಲೂ ಮೇಲಿನ ಪದರ ಹೋಗಿ ತಾಮ್ರ ಕಾಣುತ್ತಿತ್ತು.

ಬೆಳಿಗ್ಗೆ ಈ ಲೆಕ್ಕವನ್ನು ಅಪ್ಪನಿಗೆ ತೋರಿಸಬೇಕೋ ಬೇಡವೋ ಅಂತ ಯೋಚನೆ ಆಯಿತು. ತೋರಿಸಿದೆ. ಅವರು ಕಾಗದವನ್ನು ಬಹಳ ಹೊತ್ತು ನೋಡಿದರು. "ಮೂರು ಸಿಂಟೆಕ್ಸಾ?" ಅಂತ ಎರಡು ಸಲ ಕೇಳಿದರು. ಆಮೇಲೆ ಶರ್ಟು ಹಾಕಿಕೊಂಡು, ಆ ಸೀಳಿದ ಪೈಪನ್ನು ಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದರು.

ದಾವಣಗೆರೆಯಲ್ಲಿ ಬೋರಿಂಗ್ ಮೇಸ್ತ್ರಿಯ ಅಂಗಡಿಗೆ ಹೋಗಿದ್ದರು. ಅಲ್ಲಿ ಏನಾಯಿತು ಅಂತ ಪೂರ್ತಿ ಹೇಳಲಿಲ್ಲ. ಪೈಪ್ ಮೇಜಿನ ಮೇಲಿಟ್ಟು, "ತಪ್ಪು ನಂದು, ಮೂರು ಮಂದಿ ಮುಂದೆ ನಿಮ್ಮ ಹೆಸರು ಕೆಡಿಸೀನಿ" ಅಂದರಂತೆ. ಮೇಸ್ತ್ರಿ ಪೈಪ್ ತಿರುಗಿಸಿ ನೋಡಿ, ಟೀ ತರಿಸಿದರಂತೆ. ಇಂಥ ಪೈಪಿಗೆ ಎರಡೂ ತುದಿಗೆ ಸ್ಕ್ರೂ ಕ್ಲಿಪ್ ಹಾಕಬೇಕು, ತಂತಿ ಯಾವತ್ತೂ ಬೇಡ, ಪ್ರತಿ ಆಯಿಲ್ ಬದಲಾವಣೆಗೆ ಕೈಯಾಡಿಸಿ ನೋಡಬೇಕು ಅಂತ ಹೇಳಿದರಂತೆ. ಅಪ್ಪ ಹೊಸ ಪೈಪ್, ನಾಲ್ಕು ಕ್ಲಿಪ್ ತಂದರು. ಎರಡು ಹಾಕೋಕೆ, ಎರಡು ಗಾಡಿಯಲ್ಲಿ ಇಟ್ಟುಕೊಳ್ಳೋಕೆ. ಬಂದವರೇ ಮೊದಲು ಸ್ಟ್ಯಾಂಡಿಗೆ ಹೋಗಿ, ಹಿಂದೆ ಯಾರ್‍ಯಾರಿಗೆ ಹೇಳಿದ್ದರೋ ಅವರಿಗೆಲ್ಲ ನಡೆದದ್ದನ್ನು ಹೇಳಿದರು. ಅರವತ್ತು ದಾಟಿದ ಮನುಷ್ಯ, ಅಷ್ಟು ವರ್ಷದ ಡ್ರೈವರ್. ಅದು ಸುಲಭದ ಕೆಲಸ ಆಗಿರಲಿಲ್ಲ ಅಂತ ನನಗೆ ಗೊತ್ತು.

ತಂದ ಎಂಜಿನ್ ಹಾಕುವ ಮೊದಲು ಅದರ ಕೆಳಗಿನ ಆಯಿಲ್ ತಟ್ಟೆ, ಅಂದರೆ ಸಂಪ್, ಬಿಚ್ಚಿ ಬೇರಿಂಗ್ ನೋಡಿದರು. ಚೆನ್ನಾಗಿದ್ದವು. ಎಂಜಿನ್ ಕೆಳಗಿದ್ದಾಗಲೇ ಬದಲಾಯಿಸಬೇಕಾದ ಕೆಲವು ಚಿಕ್ಕ ಸಾಮಾನುಗಳಿವೆ. ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ಶಾಫ್ಟು) ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್, ರಿಲೀಸ್ ಬೇರಿಂಗ್, ಫೌಂಡೇಷನ್ ರಬ್ಬರ್. ಇವತ್ತು ಉಳಿಸಿದರೆ ನಾಳೆ ಒಂದು ಸೀಲಿಗೋಸ್ಕರ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಗುತ್ತದೆ. ಎಲ್ಲ ಹೊಸದು ಹಾಕಿದರು. ಆ ಕೆಲಸದ ನಡುವೆ ನಾನೊಂದು ವಿಷಯ ಹೇಳಿದೆ. 1900ರಲ್ಲಿ ಪ್ಯಾರಿಸ್‌ನ ದೊಡ್ಡ ವಸ್ತುಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆಯಲ್ಲೇ ಓಡಿಸಿ ತೋರಿಸಿದ್ದರು. ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ ಮುಂದೆ ತಾನೇ ಅದನ್ನು ಬರೆದಿದ್ದಾನೆ. ಚಳ್ಳಕೆರೆಯನ್ನು ಎಣ್ಣೆ ನಗರ ಅಂತ ಕರೆಯುತ್ತಾರಲ್ಲ, ಅಪ್ಪ ಅಲ್ಲಿನ ಮಿಲ್ಲುಗಳಿಗೆ ಎಷ್ಟು ಶೇಂಗಾ ಹೊಡೆದಿದ್ದಾರೋ ಲೆಕ್ಕವಿಲ್ಲ. "ಹಂಗಾದ್ರೆ ಇದು ನಮ್ಮೂರ ಎಣ್ಣೆ ಕುಡಿದು ಬೆಳೆದಿದ್ದು" ಅಂದರು. ಎರಡು ದಿನದ ಮೇಲೆ ಮೊದಲ ಸಲ ಅವರ ಮುಖ ಸಡಿಲವಾಯಿತು.

ಕೂರಿಸುವ ದಿನ ಬೆಳಿಗ್ಗೆಯೇ ಮುಕ್ಕಾಲಿ ನಿಲ್ಲಿಸಿದೆವು. ಎಂಜಿನ್ ಗೇರ್‌ಬಾಕ್ಸಿನ ಹತ್ತಿರ ಹೋಯಿತು. ಎರಡು ಬೆರಳು ಜಾಗ ಉಳಿದು ನಿಂತುಬಿಟ್ಟಿತು. ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳಿಗೆ ಗೇರ್‌ಬಾಕ್ಸಿನ ಶಾಫ್ಟ್ ಸರಿಯಾಗಿ ಕೂತರೆ ಮಾತ್ರ ಎರಡೂ ಸೇರುತ್ತವೆ. ಬೋಲ್ಟ್ ಹಾಕಿ ಬಿಗಿದು ಎಳೆದರೆ ಸೇರಬಹುದು, ಆದರೆ ಪ್ಲೇಟ್ ಮುರಿಯುತ್ತದೆ, ಇಲ್ಲ ಹೌಸಿಂಗ್ ಬಿರಿಯುತ್ತದೆ. ಮಾವ ಬೋಲ್ಟ್ ಮುಟ್ಟಲಿಲ್ಲ. ಸರಪಳಿ ಒಂದು ಕೊಂಡಿ ಇಳಿಸಿ, ಜಾಕ್ ಕೂದಲಷ್ಟು ಎತ್ತಿ, ಮತ್ತೆ ನೂಕಿ ನೋಡಿದರು. ಮಧ್ಯಾಹ್ನ ಕಳೆಯಿತು. ಬಲ್ಬ್ ಹಾಕಿಕೊಂಡೆವು. ಅಮ್ಮ ಮಂಡಕ್ಕಿ ಒಗ್ಗರಣೆ ಮಾಡಿ ತಂದು, ಕೈ ಮಸಿಯಾಗಿದ್ದ ಇಬ್ಬರಿಗೂ ಚಮಚ ಕೊಟ್ಟಳು. ಅಪ್ಪ ಗಾಡಿಯ ಕೆಳಗೆ ಮಲಗಿದ್ದರು. ನಾನು ಮುಂದೆ ನಿಂತು, ಮಾವ ಹೇಳಿದ ಹಾಗೆ ಸ್ಪ್ಯಾನರ್ ಹಾಕಿ ಕ್ರ್ಯಾಂಕ್ ನಿಧಾನವಾಗಿ ತಿರುಗಿಸುತ್ತಿದ್ದೆ.

"ನಿಲ್ಸವ್ವಾ" ಅಂದರು ಅಪ್ಪ. "ಒಂಚೂರು ಹಿಂದಕ್ಕೆ."

ಕಟ್ ಅಂತ ಸಣ್ಣ ಸದ್ದು. ಆ ಎರಡು ಬೆರಳು ಜಾಗ ತಾನಾಗೇ ಮುಚ್ಚಿಕೊಂಡಿತು. ಸ್ಪ್ಯಾನರಿನಲ್ಲಿ ಅದು ನನ್ನ ಕೈಗೂ ಗೊತ್ತಾಯಿತು. ಹೇಗೆ ಹೇಳಲಿ, ಬಾಗಿಲ ಚಿಲಕ ತಾನಾಗಿ ಬಿದ್ದ ಹಾಗೆ.

ಉಳಿದದ್ದು ಬೇಗ ಆಯಿತು. ನನ್ನ ದಾರ, ಫೋಟೋ, ಚೀಟಿ ಎಲ್ಲ ಕೆಲಸಕ್ಕೆ ಬಂದವು. ಒಂದೂ ಬೋಲ್ಟ್ ಮಿಕ್ಕಲಿಲ್ಲ. ಗಾಳಿ ಪೈಪನ್ನು ಮಾತ್ರ ಅಪ್ಪ ತಾವೇ ಹಾಕಿದರು, ಯಾರಿಗೂ ಕೊಡಲಿಲ್ಲ.

ಸ್ಟಾರ್ಟ್ ಮಾಡುವ ಮೊದಲು, ಎಂಜಿನ್ ಬಂದ್ ಮಾಡುವ ಕೇಬಲ್ ಎಳೆದಿಟ್ಟು, ಡೀಸೆಲ್ ಹೋಗದ ಹಾಗೆ ಸೆಲ್ಫ್ ಹೊಡೆದರು. ಆಯಿಲ್ ಎಲ್ಲ ಕಡೆ ಮುಟ್ಟಿ ಪ್ರೆಷರ್ ತೋರಿಸಬೇಕು, ಆಮೇಲೇ ಬೆಂಕಿ. ಆಮೇಲೆ ಡೀಸೆಲ್ ಕಳಿಸುವ ಮೈಕೋ ಪಂಪಿನಲ್ಲಿ ಸಿಕ್ಕಿದ್ದ ಗಾಳಿ ತೆಗೆದರು. ಆ ಕಂಪನಿ 1951ರಲ್ಲಿ ಶುರುವಾದದ್ದು. ಅದಕ್ಕೆ ಬಾಷ್ ಅಂತ ಹೆಸರಾಗಿ ವರ್ಷಗಳಾದವು, ನಮ್ಮ ಮೆಕ್ಯಾನಿಕ್‌ಗಳಿಗೆ ಇನ್ನೂ ಮೈಕೋನೇ. ಮಾವ ನನ್ನ ಕೈಗೆ ಒಂದು ಹಲಗೆ ತುಂಡು ಕೊಟ್ಟು ಗಾಳಿ ಎಳೆಯುವ ಬಾಯಿಯ ಹತ್ತಿರ ನಿಲ್ಲಿಸಿದರು. ಡೀಸೆಲ್ ಎಂಜಿನ್ ಹಿಡಿತ ತಪ್ಪಿ ಓಡತೊಡಗಿದರೆ ಕೀಲಿ ತಿರುಗಿಸಿದರೂ ನಿಲ್ಲುವುದಿಲ್ಲ, ಗಾಳಿ ಮುಚ್ಚಿದರೆ ಮಾತ್ರ ನಿಲ್ಲುತ್ತದೆ. ಹಲಗೆ ಬೇಕಾಗಲಿಲ್ಲ. ಎರಡು ಸಲ ಕೆಮ್ಮಿತು, ಬಿಳಿ ಹೊಗೆ ಬಿಟ್ಟಿತು, ಹಿಡಿದುಕೊಂಡಿತು. ಸ್ವಲ್ಪ ಹೊತ್ತಿಗೆ ಹೊಗೆ ಕಾಣದಷ್ಟು ತಿಳಿಯಾಯಿತು. ಅಮ್ಮ ನಿಂಬೆಹಣ್ಣು ತರೋಕೆ ಒಳಗೆ ಓಡಿದಳು.

ಆರ್‌ಟಿಒ ಕೆಲಸ ಮುಗಿದು ಆರ್‌ಸಿಯಲ್ಲಿ ಹೊಸ ನಂಬರ್ ಬರುವ ಹೊತ್ತಿಗೆ ಗಣೇಶನ ಹಬ್ಬ ಬಂದಿತ್ತು. ಮೊದಲ ಬಾಡಿಗೆ ಸೆಪ್ಟೆಂಬರ್‌ನಲ್ಲಿ, ಈರುಳ್ಳಿ, ಯಶವಂತಪುರಕ್ಕೆ. ಭಾನುವಾರ ಆದ್ದರಿಂದ ನಾನೂ ಹೊರಟೆ. ಅದೇ ವಾರ ವಾಣಿವಿಲಾಸ ಸಾಗರ ಕೋಡಿ ಬಿದ್ದಿತ್ತು. 1933ರ ನಂತರ ಅದೇ ಮೊದಲು, 89 ವರ್ಷದ ಮೇಲೆ. ಹಿರಿಯೂರಿನಲ್ಲಿ ರಸ್ತೆ ತುಂಬಾ ಬೈಕು, ಕಾರು, ಟ್ರ್ಯಾಕ್ಟರ್. ಎಲ್ಲರೂ ನೀರು ನೋಡೋಕೆ ಹೊರಟವರು. ಮುದುಕರನ್ನೂ ಕೂರಿಸಿಕೊಂಡು ಹೋಗುತ್ತಿದ್ದರು.

ಅಪ್ಪ ಗಾಡಿ ಪಕ್ಕಕ್ಕೆ ಹಾಕಿದರು. ಅಣೆಕಟ್ಟಿನ ಕಡೆ ಹೋಗೋಣ ಅಂತಾರೇನೋ ಅಂದುಕೊಂಡೆ. ಅವರು ಇಳಿದು ಬಾನೆಟ್ ಎತ್ತಿದರು. ಕೈಯನ್ನು ಪೈಪಿನ ಕೆಳಗೆ, ಕಣ್ಣಿಗೆ ಕಾಣದ ಕಡೆ ತೂರಿಸಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಸವರಿದರು. ಎರಡೂ ಕ್ಲಿಪ್ ಹಿಡಿದು ಅಲ್ಲಾಡಿಸಿ ನೋಡಿದರು. ಬೆರಳನ್ನು ಬಿಳಿ ಟವೆಲ್‌ಗೆ ಒರೆಸಿ, ಟವೆಲ್ ನನಗೆ ತೋರಿಸಿದರು.

"ಬರೋವಾಗ ನೀರು ನೋಡಾನ" ಅಂದು ಬಾನೆಟ್ ಇಳಿಸಿದರು.